ಅತಿಥಿ ಹೊರಟರು, ಸಾಮಾನು ಉಳಿಯಿತು

ಪ್ರಶ್ನೆ: ಮಡಿಕೇರಿ ಹತ್ತಿರ ನಮ್ಮದೊಂದು ಸಣ್ಣ ಹೋಮ್‌ಸ್ಟೇ ಇದೆ. ವಾರಾಂತ್ಯ ಕಳೆದರೆ ಜಾಕೆಟ್, ಚಾರ್ಜರ್, ಕಿವಿಯೋಲೆ, ಏನಾದರೊಂದು ಸಿಗುತ್ತದೆ. ಯಾರದೆಂದು ಖಚಿತಪಡಿಸಿಕೊಳ್ಳುವುದು ಹೇಗೆ? ಕೊರಿಯರ್ ಖರ್ಚು ಯಾರದು?

ಉತ್ತರ: ಖರ್ಚು ಅತಿಥಿಯದು. ಆದರೆ ಈ ಮಾತು ಬುಕಿಂಗ್ ಹೊತ್ತಿಗೇ ಮನೆಯ ನಿಯಮಗಳಲ್ಲಿ ಇರಲಿ. ಸಾಮಾನು ಸಿಕ್ಕ ಮೇಲೆ ಹೇಳಿದರೆ ವಸೂಲಿಗೆ ಇಳಿದಂತೆ ಕೇಳಿಸುತ್ತದೆ.

ವಸ್ತುವಿನ ಫೋಟೊ, ಕೋಣೆ, ಸಿಕ್ಕ ಜಾಗ, ದಿನಾಂಕ ಬರೆದಿಡಿ. ಫೋಟೊ ನಿಮ್ಮ ದಾಖಲೆಗೆ ಮಾತ್ರ, ಮೊದಲೇ ಯಾರಿಗೂ ಕಳಿಸಬೇಡಿ. ಮಂಚದ ಸಂದಿಯ ಓಲೆ ಹೋದ ವಾರದವರದ್ದೂ ಆಗಿರಬಹುದು. ‘ಒಂದು ಆಭರಣ ಸಿಕ್ಕಿದೆ, ನಿಮ್ಮದೇ? ಗುರುತು ಹೇಳುತ್ತೀರಾ?’ ಎಂದು ಬುಕ್ ಮಾಡಿದವರನ್ನು ಮಾತ್ರ ಕೇಳಿ, ಅದೂ ಬುಕಿಂಗ್ ಆ್ಯಪ್‌ನ ಸಂದೇಶದಲ್ಲೇ. ಲಿಖಿತ ದಾಖಲೆ ಉಳಿಯುತ್ತದೆ. ಮನೆಯ ಲ್ಯಾಂಡ್‌ಲೈನಿಗೆ ಕರೆ, ವಾಟ್ಸ್‌ಆ್ಯಪ್ ಗುಂಪಿನಲ್ಲಿ ವಿಚಾರಣೆ ಬೇಡವೇ ಬೇಡ. ಯಾರು ಯಾರೊಡನೆ ಬಂದಿದ್ದರು ಎಂಬುದು ಹೊರಗೆ ಹೋಗಬೇಕಾದ ಸುದ್ದಿಯಲ್ಲ.

ಸಿಕ್ಕಿದ್ದನ್ನು ಎತ್ತಿಟ್ಟುಕೊಂಡ ಮೇಲೆ, 1872ರ ಕರಾರು ಕಾಯ್ದೆಯ 71ನೇ ಕಲಮಿನ ಪ್ರಕಾರ, ಅದನ್ನು ಜೋಪಾನ ಮಾಡುವ ಹೊಣೆ ನಿಮ್ಮದು. ಅದಕ್ಕಾಗಿ ಮಾಡಿದ ಖರ್ಚು ಸಲ್ಲುವವರೆಗೆ ವಸ್ತುವನ್ನು ಹಿಡಿದಿಟ್ಟುಕೊಳ್ಳಬಹುದು, ಆದರೆ ಖರ್ಚು ಕೊಡಿ ಎಂದು ದಾವೆ ಹೂಡಲಾಗದು (168ನೇ ಕಲಂ). ಒಡೆಯರನ್ನು ಪತ್ತೆಹಚ್ಚುವ ದಾರಿಯಿದ್ದೂ ದುರುದ್ದೇಶದಿಂದ ಬಳಸಿಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 314ನೇ ಕಲಂ ಇದೆ: 6 ತಿಂಗಳಿಂದ 2 ವರ್ಷದವರೆಗೆ ಸೆರೆ, ಜೊತೆಗೆ ದಂಡ. ಗುರುತಿನ ಚೀಟಿಯ ಪ್ರತಿ ನಿಮ್ಮ ಕಡತದಲ್ಲೇ ಇರುವಾಗ ‘ಯಾರದೋ ಗೊತ್ತಾಗಲಿಲ್ಲ’ ಎಂಬ ಮಾತು ನಿಲ್ಲುವುದಿಲ್ಲ.

ಜಗಳ ಹುಟ್ಟುವುದು ಹೆಚ್ಚಾಗಿ ಪೆಟ್ಟಿಗೆಯ ಗಾತ್ರದಿಂದ. ಕೊರಿಯರ್‌ನವರು ನಿಜ ತೂಕ, ಗಾತ್ರದ ತೂಕ ಎರಡರಲ್ಲಿ ಹೆಚ್ಚಿನದಕ್ಕೆ ಹಣ ಹಾಕುತ್ತಾರೆ. ಉದ್ದ, ಅಗಲ, ಎತ್ತರವನ್ನು ಸೆಂ.ಮೀ.ನಲ್ಲಿ ಗುಣಿಸಿ, ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. 800 ಗ್ರಾಂ ಜಾಕೆಟನ್ನು 40×30×20ರ ಪೆಟ್ಟಿಗೆಗೆ ಹಾಕಿದರೆ ಲೆಕ್ಕಕ್ಕೆ ಬರುವುದು 4.8 ಕೆ.ಜಿ.! ಅದನ್ನೇ ಗಾಳಿ ಹಿಂಡಿ, ಸುರುಳಿ ಸುತ್ತಿ, ಪ್ಲಾಸ್ಟಿಕ್ ಕವರಿಗೆ ತುರುಕಿದರೆ 1 ಕೆ.ಜಿ. ಆಸುಪಾಸಿಗೆ ಇಳಿಯುತ್ತದೆ. ದರ ಕೇಳಿ, ಹಣ ಯುಪಿಐಗೆ ಬಂದ ಮೇಲೆ ಕಳಿಸಿ. ರಸೀದಿಯ ಫೋಟೊ ಅದೇ ಸಂದೇಶದಲ್ಲಿ ಹಾಕಿ. ಮಳೆಗಾಲದಲ್ಲಿ ಬಟ್ಟೆ, ಜಿಗಣೆ ಸಾಕ್ಸ್ ಪೂರ್ತಿ ಒಣಗದೆ ಕವರಿಗೆ ಸೇರಕೂಡದು. ಪಾರ್ಸೆಲ್ ತಲುಪುವಷ್ಟರಲ್ಲಿ ಬೂಷ್ಟು ಹಿಡಿದಿರುತ್ತದೆ, ದೂರು ನಿಮ್ಮ ಮೇಲೆ.

ಪವರ್ ಬ್ಯಾಂಕ್ ಇದ್ದರೆ ಕೌಂಟರಿನಲ್ಲಿ ಬಾಯಿಬಿಟ್ಟು ಹೇಳಿ. ಲಿಥಿಯಂ ಬ್ಯಾಟರಿ ವಿಮಾನ ಸರಕಿನಲ್ಲಿ ಅಪಾಯಕಾರಿ ವಸ್ತು. ಮುಚ್ಚಿಟ್ಟು ಕಳಿಸಿದರೆ ಎಕ್ಸ್‌ರೇಯಲ್ಲಿ ಸಿಕ್ಕಿ ಪಾರ್ಸೆಲ್ ಅಲ್ಲೇ ನಿಲ್ಲುತ್ತದೆ. ರಸ್ತೆ ಸಾಗಣೆ ಒಪ್ಪುವವರನ್ನೇ ಹುಡುಕಬೇಕು. ಚಿನ್ನವನ್ನಂತೂ ಕೊರಿಯರಿಗೆ ಹಾಕಬೇಡಿ: ಅತಿಥಿಯೋ ಅವರು ಬರೆದುಕೊಟ್ಟವರೋ ಬಂದು ಸಹಿ ಹಾಕಿ ಒಯ್ಯಲಿ.

ಪ್ರಶ್ನೆ: ಫೋನ್, ಪಾಸ್‌ಪೋರ್ಟ್, ಔಷಧಿ ಬಿಟ್ಟುಹೋದರೆ?

ಉತ್ತರ: ಇವಕ್ಕೆ ಅದೇ ಗಂಟೆಯಲ್ಲಿ ಓಡಾಡಬೇಕು. ಫೋನ್ ಬಿಟ್ಟವರಿಗೆ ಕರೆ ಮಾಡಿದರೆ ಅದು ನಿಮ್ಮ ಕೈಯಲ್ಲೇ ರಿಂಗಾಗುತ್ತದೆ. ಅದಕ್ಕೇ ಚೆಕ್‌-ಇನ್‌ನಲ್ಲಿ ಜೊತೆಗಾರರ ನಂಬರನ್ನೂ ಬರೆಸಿಕೊಳ್ಳಿ. ಫೋನನ್ನು ಆರಿಸದೆ ಚಾರ್ಜಿಗೆ ಹಾಕಿ, ಒಡೆಯರು ಅದನ್ನು ಹುಡುಕಲು ಸಾಧ್ಯವಾಗಲಿ.

ವಿದೇಶಿ ಅತಿಥಿ ಪಾಸ್‌ಪೋರ್ಟ್ ಮರೆತಿದ್ದರೆ ಅವರಿನ್ನೂ ದೇಶ ಬಿಟ್ಟಿರಲಾರರು. ವಿದೇಶಿ ಅತಿಥಿ ತಂಗಿದ ಬಗ್ಗೆ ಸರ್ಕಾರಕ್ಕೆ ಸಲ್ಲಿಸುವ ಫಾರ್ಮ್ ತುಂಬುವಾಗ ಪಡೆದ ವಿವರದಿಂದ ತಕ್ಷಣ ಸಂಪರ್ಕಿಸಿ. ಸಿಗದಿದ್ದರೆ ಠಾಣೆಗೆ ಒಪ್ಪಿಸಿ ಸ್ವೀಕೃತಿ ಪಡೆಯಿರಿ.

ಫ್ರಿಜ್ಜಿನಲ್ಲಿ ಇನ್ಸುಲಿನ್ ಉಳಿದಿದ್ದರೆ 2ರಿಂದ 8 ಡಿಗ್ರಿಯಲ್ಲೇ ಇಡಿ, ಫ್ರೀಜರಿಗೆ ಹಾಕಬೇಡಿ. ಒಮ್ಮೆ ಹೆಪ್ಪುಗಟ್ಟಿದ್ದು ಮತ್ತೆ ಉಪಯೋಗಕ್ಕಿಲ್ಲ. ಅದನ್ನು ಅಂಚೆಗೆ ಹಾಕುವುದಕ್ಕಿಂತ, ಅತಿಥಿ ದಾರಿಯಲ್ಲೇ ಔಷಧಿ ಅಂಗಡಿಯಲ್ಲಿ ಹೊಸದು ಕೊಳ್ಳುವಂತೆ ಕೂಡಲೇ ತಿಳಿಸುವುದು ಲೇಸು.

ಪ್ರಶ್ನೆ: ಎಷ್ಟು ದಿನ ಇಟ್ಟುಕೊಳ್ಳಬೇಕು?

ಉತ್ತರ: ಕಾಯ್ದೆ ದಿನಗಳ ಲೆಕ್ಕ ಕೊಟ್ಟಿಲ್ಲ. ಬಟ್ಟೆ, ಚಾರ್ಜರಿಗೆ 30 ದಿನ, ಬೆಲೆಬಾಳುವುದಕ್ಕೆ 90 ದಿನ ಎಂದು ನಿಯಮದಲ್ಲಿ ಬರೆದಿಡುವುದು ನಮ್ಮ ಸಲಹೆ. ಚಿನ್ನ, ನಗದಿಗೆ ವಾರಸುದಾರರು ಬರದಿದ್ದರೆ ಅವಧಿ ಮುಗಿದ ಮೇಲೆ ಪೊಲೀಸರಿಗೆ ಕೊಡಿ, ದಾನಕ್ಕಲ್ಲ. ತೆರೆದ ತಿಂಡಿ ಅಂದೇ ಕಸಕ್ಕೆ. ಒಳಉಡುಪು ಸಿಕ್ಕರೆ ನೀವಾಗಿ ಸಂದೇಶ ಕಳಿಸಬೇಡಿ. ಸುಮ್ಮನೆ ಕವರಿನಲ್ಲಿಡಿ, ಕೇಳಿದರೆ ಕೊಡಿ.