ಆ ಹನ್ನೊಂದು ತಿಂಗಳ ಲೆಕ್ಕ

ಈ ಪತ್ರ ಓದಿದ ಮೇಲೆ ಎರಡು ದಿನ ಬೇರೆ ಯಾವ ಪತ್ರಕ್ಕೂ ಉತ್ತರ ಬರೆಯಲು ನನ್ನಿಂದ ಆಗಲಿಲ್ಲ.

ಬರೆದವರು ಮಂಗಳೂರಿನ ಹೆಣ್ಣುಮಗಳು. ವಯಸ್ಸು 37. ಅಪ್ಪ ತೀರಿಹೋಗಿ ಬರುವ ತಿಂಗಳಿಗೆ ಒಂದು ವರ್ಷ. ಚರ್ಚಿನಲ್ಲಿ ಸ್ಮರಣೆಯ ಪ್ರಾರ್ಥನೆ ಇದೆ. ಮಗಳೇ ಐದು ನಿಮಿಷ ಮಾತಾಡಲಿ ಅಂತ ಸಭಾಪಾಲಕರು ಹೇಳಿದ್ದಾರೆ. ಇವರಿಗೆ ಮಾತು ಹೊರಡುತ್ತಿಲ್ಲ. "ಎಲ್ಲರೂ ಅಪ್ಪನನ್ನು ಪ್ರಾಮಾಣಿಕ, ದೈವಭಕ್ತ ಅಂತ ಹೊಗಳುತ್ತಾರೆ. ನನಗೂ ಅಪ್ಪ ಅಂದರೆ ಪ್ರಾಣ. ಆದರೆ ಆ ಪ್ರಾಮಾಣಿಕತೆಗೆ ಬೆಲೆ ತೆತ್ತವಳು ನಾನು. ಅದನ್ನು ನುಂಗಿಕೊಂಡು ಹೊಗಳಲೇ? ಅಥವಾ ಆಗಲ್ಲ ಅಂದುಬಿಡಲೇ?" ಅಂತ ಕೇಳುತ್ತಾರೆ.

ಅಪ್ಪ ಹಂಚಿನ ಕಾರ್ಖಾನೆಯಲ್ಲಿ ರೈಟರ್. ಲಾರಿಗೆ ಹತ್ತುವ ಹಂಚು ಎಣಿಸಿ ಬರೆಯುವ ಕೆಲಸ. 2006ರಲ್ಲಿ ಸಂಬಳ 4,000 ರೂಪಾಯಿ. ಪಿಯುಸಿ ಮುಗಿಸಿದ ಮಗಳಿಗೆ ಎಂಜಿನಿಯರಿಂಗ್ ಆಸೆ. ಫೀಸಿನ ರಿಯಾಯಿತಿ ಸಿಗಬೇಕಾದರೆ ಆದಾಯ ತುಸು ಕಡಿಮೆ ಇರಬೇಕಿತ್ತು. ಸೋದರಮಾವ ಬಂದು, "ಸರ್ಟಿಫಿಕೇಟ್ ನಾನು ಮಾಡಿಸಿ ತರ್ತೇನೆ, ನೀವು ಸುಮ್ನೆ ಒಂದು ಸಹಿ ಹಾಕಿ" ಅಂದರು. ಅಪ್ಪ ಹಾಕಲಿಲ್ಲ. ಮಗಳು ಬಿ.ಎಸ್ಸಿ. ಸೇರಿದರು. ಮೊದಲ ವರ್ಷದ ಫೀಸು ತಿಂಗಳಿಗೆ 400ರ ಕಂತು. ಪ್ರತಿ ತಿಂಗಳು ಆಫೀಸಿನ ಕಿಟಕಿ ಮುಂದೆ ನಿಲ್ಲಲು ನಾಚಿಕೆ ಆಗುತ್ತಿತ್ತಂತೆ. ಎರಡನೇ ವರ್ಷದಿಂದ ಟ್ಯೂಷನ್ ಹೇಳಿ ತಾವೇ ಕಟ್ಟಿಕೊಂಡರು. 2010ರ ಜುಲೈನಲ್ಲಿ ಕೆಲಸ ಸಿಕ್ಕಿ ಮನೆಗೆ ದುಡ್ಡು ಕಳಿಸಲು ಶುರು ಮಾಡಿದರೆ, ಅಪ್ಪ ಅದೇ ತಿಂಗಳಿಂದ ಚರ್ಚಿಗೆ ಕೊಡುವುದನ್ನು ಜಾಸ್ತಿ ಮಾಡಿದರು. "ನಾನು ಕಳಿಸಿದ್ದು ದೇವರಿಗೆ ಹೋಯಿತು" ಅಂತ ಬರೆದಿದ್ದಾರೆ. ಆ ಸಾಲಿನಲ್ಲಿ ಪೆನ್ನು ಒತ್ತಿ ಕಾಗದ ಹರಿದಿದೆ.

ನಾಲ್ಕನೇ ಪುಟದಲ್ಲಿ, ಕಂಸದೊಳಗೆ, ಒಂದು ಮಾತಿದೆ. ಅಪ್ಪನ ಟ್ರಂಕಿನಲ್ಲಿ ಮನೆ ಖರ್ಚಿನ ನೋಟ್‌ಬುಕ್‌ಗಳು ಸಿಕ್ಕಿವೆ. ಹಾಲು, ಅಕ್ಕಿ, ಬಸ್ಸು, ಕೊನೆಯ ಕಾಲಂ 'ಸಭೆ', ಅಂದರೆ ಚರ್ಚು. ಅಲ್ಲಿ ಪ್ರತಿ ತಿಂಗಳು ದಶಮಾಂಶ, ಸಂಬಳದ ಹತ್ತನೇ ಒಂದು ಪಾಲು. "2006 ಜೂನ್‌ನಿಂದ 2007 ಏಪ್ರಿಲ್‌ವರೆಗೆ ಆ ಕಾಲಂ ಖಾಲಿ. ಬರೆಯಲು ಮರೆತಿರಬೇಕು. 2010ರ ಜುಲೈನಿಂದ ಮಾಮೂಲಿನ ಜೊತೆ 480, 480 ಅಂತ 11 ಸಲ ಬರೆದಿದ್ದಾರೆ."

ಮರೆತಿರಬೇಕು? ಅರ್ಧ ತೆಂಗಿನಕಾಯಿಗೆ ಎಷ್ಟು ಕೊಟ್ಟೆ ಅಂತ ಬರೆದಿಟ್ಟ ಮನುಷ್ಯ, ಹನ್ನೊಂದು ತಿಂಗಳು ದೇವರ ಪಾಲು ಬರೆಯಲು ಮರೆಯುತ್ತಾರಾ?

ಅವರ ಸಂಬಳ 4,000. ದಶಮಾಂಶ 400. ನಿಮ್ಮ ಕಂತೂ 400. ನೀವೇ ಬರೆದ ಲೆಕ್ಕ ಇದು. ಒಂದನ್ನು ಎರಡನೇ ಪುಟದಲ್ಲಿ, ಇನ್ನೊಂದನ್ನು ನಾಲ್ಕನೇ ಪುಟದಲ್ಲಿ ಬರೆದಿದ್ದೀರಿ. ಪಕ್ಕಪಕ್ಕ ಇಟ್ಟು ನೋಡಿಲ್ಲ, ಅಷ್ಟೆ.

ಇನ್ನು ಆ 480. ನನಗೂ ಮೊದಲು ಅರ್ಥ ಆಗಲಿಲ್ಲ. ಬಾಕಿ ತೀರಿಸಿದ್ದಾದರೆ 400 ಇರಬೇಕಿತ್ತು, ಅಲ್ವಾ? ಬೈಬಲ್ ತೆಗೆದು ಹುಡುಕಿದೆ. ಯಾಜಕಕಾಂಡ, 27ನೇ ಅಧ್ಯಾಯ, 31ನೇ ವಚನ. ದಶಮಾಂಶದಲ್ಲಿ ಯಾರಾದರೂ ಏನನ್ನಾದರೂ ಬಿಡಿಸಿಕೊಂಡರೆ, ಅದರ ಬೆಲೆಯ ಜೊತೆಗೆ ಐದನೇ ಒಂದು ಪಾಲು ಸೇರಿಸಿ ಕೊಡಬೇಕು. 400ರ ಐದನೇ ಒಂದು ಪಾಲು 80. ಅದು ಬೆಳೆಯ, ದನಕರುವಿನ ಕಾಲದ ನಿಯಮ. ಇವತ್ತು ಯಾರೂ ಕೂತು ಲೆಕ್ಕ ಕೇಳುವುದಿಲ್ಲ. ನಿಮ್ಮ ಅಪ್ಪ ತಾವಾಗಿ ಕೊಟ್ಟರು. 11 ತಿಂಗಳು ದೇವರ ಹತ್ತಿರ ಕೈಗಡ ತೆಗೆದು ಮಗಳನ್ನು ಓದಿಸಿದರು. ನೀವು ಕಳಿಸಿದ ದುಡ್ಡು ಮನೆಗೆ ಆಸರೆ ಆಗಿ ತಮ್ಮ ಕೈ ಬಿಡುವಾದ ತಿಂಗಳೇ ತೀರಿಸಲು ಶುರು ಮಾಡಿದರು. ಒಟ್ಟು 5,280 ರೂಪಾಯಿ.

ಇದೆಲ್ಲ ನನ್ನ ಊಹೆ ಅನ್ನಬಹುದು. ಅಮ್ಮ ಇದ್ದಾರಲ್ಲ, ಕೇಳಿ. ಆದರೆ 80 ರೂಪಾಯಿ ಊಹೆಯಲ್ಲ.

ಈ ಅಂಕಣದಲ್ಲಿ ಎಷ್ಟೋ ಸಲ ಬರೆದಿದ್ದೇನೆ, ಮತ್ತೆ ಬರೆಯುತ್ತೇನೆ: ತೀರಿಹೋದವರ ಲೆಕ್ಕದ ಪುಸ್ತಕ ಗುಜರಿಗೆ ಹಾಕಬೇಡಿ. ನಿಮ್ಮದು ಅಜ್ಜನ ಕಾಲದಿಂದ, ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಷನ್ ಸಭೆಯ ಕುಟುಂಬ. ಕ್ರೈಸ್ತರಾದ ಮೇಲೆ ಮನೆ, ಹೊಲ, ನೆಂಟರನ್ನು ಕಳೆದುಕೊಂಡವರಿಗೆ ಕೈಗೊಂದು ಕೆಲಸ ಬೇಕು ಅಂತ ಆ ಮಿಷನ್‌ನವರು ನೇಯ್ಗೆ ಶುರು ಮಾಡಿದರು, 1865ರಲ್ಲಿ ಜೆಪ್ಪುವಿನಲ್ಲಿ ಊರಿನ ಮೊದಲ ಹಂಚಿನ ಕಾರ್ಖಾನೆ ಕಟ್ಟಿದರು. ಕೆಲಸ, ಲೆಕ್ಕ, ಪ್ರಾರ್ಥನೆ ಮೂರನ್ನೂ ಬೇರೆ ಮಾಡದೆ ಬದುಕಿದ ಜನ. ಹಂಚು ಎಣಿಸುವಾಗ ಒಂದು ಹೆಚ್ಚು ಬರೆಯದ ಕೈ ಸುಳ್ಳು ಆದಾಯಕ್ಕೆ ಸಹಿ ಹಾಕುವುದಾದರೂ ಹೇಗೆ?

ನಿಮ್ಮ ಸಿಟ್ಟು ಸುಳ್ಳು ಅಂತ ನಾನು ಹೇಳಲ್ಲ. ಎಂಜಿನಿಯರಿಂಗ್ ಹೋಯಿತು, ಅದು ನಿಜವಾದ ನಷ್ಟ. ಅಪ್ಪ ಒಂದು ಸಂಜೆ ಪಕ್ಕದಲ್ಲಿ ಕೂರಿಸಿಕೊಂಡು "ಹೀಗೆ ಮಾಡಿದ್ದೇನೆ ಮಗಾ" ಅಂತ ಹೇಳಬೇಕಿತ್ತು. ಹೇಳಲಿಲ್ಲ. ಅದು ಅವರ ತಪ್ಪು. ದೇವರಿಗೆ ಬಾಕಿ ಉಳಿಸಿಕೊಂಡ ಸಂಕೋಚ ಇತ್ತೋ ಏನೋ.

ಆದರೆ ಸೋದರಮಾವನನ್ನು ನಾನು ಬಿಡುವುದಿಲ್ಲ. "ನಿಮ್ಮಪ್ಪನಿಗೆ ದೇವರು ಮುಖ್ಯ, ನೀನಲ್ಲ" ಅಂತ 18 ವರ್ಷದ ಹುಡುಗಿಗೆ ಹೇಳಿದವರು ಅವರು. ಆ ಮಾತನ್ನು ನೀವು 19 ವರ್ಷ ಹೊತ್ತಿದ್ದೀರಿ. ಅದೇ ಮಾವ ಈಗ ಸ್ಮರಣೆಯ ಕಾರ್ಡಿಗೆ "ಸತ್ಯದ ದಾರಿಯಲ್ಲಿ ನಡೆದ ಮಹನೀಯರು" ಅಂತ ಬರೆಸುತ್ತಿದ್ದಾರೆ. ಸುಳ್ಳು ಸರ್ಟಿಫಿಕೇಟ್ ತರಲು ಹೊರಟವರಿಗೆ ಆ ಸಾಲು ಬರೆಸುವ ಹಕ್ಕಿಲ್ಲ. ಅವರೊಂದಿಗೆ ಜಗಳಕ್ಕೆ ಹೋಗಬೇಡಿ. ಕಾರ್ಡು ಅವರದ್ದಾಗಿರಲಿ.

ನೀವು ಮಾತಾಡಿ. ಭಾಷಣ ಬರೆಯಬೇಡಿ, ಹೊಗಳಬೇಡಿ. ಹಿಂದಿನ ರಾತ್ರಿ ಅಮ್ಮನ ಪಕ್ಕ ಕೂತು ಆ ಎರಡು ನೋಟ್‌ಬುಕ್ ಓದಿ ಹೇಳಿ. ಅವರು ಹೂಂ ಅಂದರೆ ಮರುದಿನ ಅವನ್ನೇ ಕೈಯಲ್ಲಿ ಹಿಡಿದು ಸಭೆಯ ಮುಂದೆ ನಿಲ್ಲಿ. "ಜೂನ್ 2006. ಮಗಳ ಫೀಸು, 400. ಸಭೆ, ಖಾಲಿ" ಅಂತ ಶುರು ಮಾಡಿ. ತಿಂಗಳು ತಿಂಗಳಾಗಿ ಓದುತ್ತಾ ಹೋಗಿ. ಕೊನೆಯ 480 ಬರುವವರೆಗೆ ನಿಲ್ಲಿಸಬೇಡಿ.