ಓದುಗರ ಪ್ರಶ್ನೆ: ಮ್ಯಾಗ್ನಮ್ ರಿವಾಲ್ವರ್ ಕೊಳ್ಳಲೇ?

ಪ್ರಶ್ನೆ: ಸಕಲೇಶಪುರದ ಹತ್ತಿರ ಕಾಫಿ ತೋಟವಿದೆ. ಜೋಡುನಳಿಗೆ ಕೋವಿ, .32 ರಿವಾಲ್ವರ್ ಎರಡಕ್ಕೂ ಲೈಸೆನ್ಸ್ ಇದೆ. ಗುರಿ ಅಭ್ಯಾಸಕ್ಕೂ ರಕ್ಷಣೆಗೂ ಮ್ಯಾಗ್ನಮ್, ಅಂದರೆ ಮಾಮೂಲಿಗಿಂತ ಜೋರಾದ ಗುಂಡು ಹಾರಿಸುವ ರಿವಾಲ್ವರ್, ತೆಗೆದುಕೊಳ್ಳುವ ಆಸೆ. .357 ಸಾಕೇ, .44 ಬೇಕೇ?

ಉತ್ತರ: ಮೊದಲು ಲೆಕ್ಕ. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಬಂದೂಕು. ಮೂರನೆಯದು ಬರಬೇಕಾದರೆ ಒಂದು ಹೋಗಬೇಕು. ಜೋಡುನಳಿಗೆಯನ್ನು ಮಾತ್ರ ಕೊಡಬೇಡಿ ಸ್ವಾಮಿ, ತೋಟದ ಮನೆಗೆ ಅದಕ್ಕಿಂತ ನಂಬಿಕೆಯದು ಇನ್ನೊಂದಿಲ್ಲ.

ಸೈನ್ಯದಿಂದ ನಿವೃತ್ತನಾದ ಮೇಲೆ ಗೆಳೆಯರೊಬ್ಬರ .44 ಅನ್ನು ರೇಂಜಿನಲ್ಲಿ ಹೊಡೆದು ನೋಡಿದ್ದೆ. ಮೊದಲ ಗುಂಡಿಗೇ ನಳಿಗೆ ಹಣೆಯ ಮಟ್ಟಕ್ಕೆ ಎದ್ದಿತು. ಆರು ಮುಗಿಯುವಷ್ಟರಲ್ಲಿ ಹೆಬ್ಬೆರಳ ಬುಡ ಕೆಂಪಾಗಿತ್ತು, ಎರಡು ಗುಂಡು ಹಲಗೆಗೇ ತಾಗಿರಲಿಲ್ಲ. ರಾತ್ರಿ ಗಾಬರಿಯಲ್ಲಿ ಅದು ಯಾರ ಕೈಗೂ ಬಗ್ಗದು.

ನನ್ನ ಮತ .357ಕ್ಕೆ. 1935ರಲ್ಲಿ ಬಂದದ್ದು, .38 ಸ್ಪೆಷಲ್ ಎಂಬ ಹಳೆಯ ಗುಂಡಿನ ಕೇಸನ್ನೇ, ಅಂದರೆ ಮದ್ದು ತುಂಬುವ ಲೋಹದ ಕವಚವನ್ನೇ, ಉದ್ದ ಮಾಡಿದ್ದು. ಹಾಗಾಗಿ ಒದೆತ ಕಡಿಮೆಯಿರುವ ಆ .38 ಗುಂಡೂ ಇದರಲ್ಲಿ ಹೋಗುತ್ತದೆ, ಅಭ್ಯಾಸಕ್ಕೆ ಹಿತ. ಆದರೆ ನಿಮ್ಮ ಲೈಸೆನ್ಸಿಗೆ ಯಾವ ಬೋರ್ (ನಳಿಗೆಯ ಒಳ ಅಳತೆ), ಯಾವ ಗುಂಡು ಸಿಗುತ್ತದೆಂದು ಹಾಸನದ ಜಿಲ್ಲಾಧಿಕಾರಿ ಕಚೇರಿಯಲ್ಲಿ ಕೇಳದೆ ಮುಂಗಡ ಕೊಡಬೇಡಿ. ನಾಲ್ಕಿಂಚು ನಳಿಗೆಯ, ತೂಕದ ಉಕ್ಕಿನದೇ ಇರಲಿ. ಹಗುರವಾದಷ್ಟೂ ಒದೆತ ಜಾಸ್ತಿ.

ಆನೆಗೆಂದು ಮನಸ್ಸಿನಲ್ಲಿದ್ದರೆ ಈಗಲೇ ತೆಗೆದುಹಾಕಿ. ರಿವಾಲ್ವರ್ ಗುಂಡು ಆನೆಯನ್ನು ನಿಲ್ಲಿಸುವುದಿಲ್ಲ, ಕೆರಳಿಸುತ್ತದೆ. ಕಾನೂನಿನಲ್ಲೂ ದೊಡ್ಡ ಅಪರಾಧ. ಬೆಳಗ್ಗೆ ಕೂಲಿಯವರು ಬರುವ ಮುಂಚೆ ಅರಣ್ಯ ಇಲಾಖೆಯವರಿಗೆ ಫೋನ್ ಮಾಡಿ ಆನೆ ಎಲ್ಲಿದೆ ಎಂದು ಕೇಳಿಕೊಳ್ಳಿ.