ಬಿಯರ್ ಚೆಲ್ಲಿ ಚಾಕು ಬಿಗಿಯಾಗಿದ್ದರೆ

ಬಿಯರ್ ಚೆಲ್ಲಿದ ಮೇಲೆ ಮಡಚುವ ಚಾಕು ಬಿಗಿಯಾಗಿದೆ, ನಿಂಬೆಹಣ್ಣು ಕೊಯ್ದ ಕಡೆ ಕಪ್ಪು ಕಲೆ ಬಿದ್ದಿದೆ ಅಂದಿರಲ್ಲ, ಎರಡೂ ಬೇರೆ ಬೇರೆ ವಿಷಯ.

ಬಿಗಿಗೆ ಕಾರಣ ಬಿಯರಿನಲ್ಲಿ ಉಳಿದ ಸಕ್ಕರೆ ಅಂಶ. ಅದರ ಮೇಲೇ ಎಣ್ಣೆ ಬಿಟ್ಟರೆ ಕರಗುವುದಿಲ್ಲ, ಧೂಳು ಹಿಡಿದು ಇನ್ನಷ್ಟು ಕೆಡುತ್ತದೆ. ಬೆಚ್ಚಗಿನ ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ, ಅದರೊಳಗೇ ಹತ್ತಿಪ್ಪತ್ತು ಸಲ ತೆರೆದು ಮುಚ್ಚಿ. ಬೆರಳು ಜೋಪಾನ, ಸೋಪಿನ ಕೈ ಜಾರುತ್ತದೆ. ಮರದ ಹಿಡಿಯಾದರೆ ಮಾತ್ರ ಮುಳುಗಿಸಬೇಡಿ, ಉಬ್ಬಿ ಬಿರುಕು ಬಿಡುತ್ತದೆ. ಕೀಲನ್ನಷ್ಟೇ ಒದ್ದೆ ಹತ್ತಿಯಿಂದ ಒರೆಸಿ. ಪೂರ್ತಿ ಒಣಗಿದ ಮೇಲೆ ಕೀಲಿಗೆ ಒಂದೇ ಹನಿ ಮಿನರಲ್ ಆಯಿಲ್ (ಪೆಟ್ರೋಲಿಯಂನಿಂದ ತೆಗೆದ ಬಣ್ಣವಿಲ್ಲದ ಎಣ್ಣೆ) ಬಿಡಿ. ಅಡುಗೆ ಎಣ್ಣೆ ಬೇಡವೇ ಬೇಡ, ಬರಬರುತ್ತಾ ಅದೇ ಗೋಂದಾಗುತ್ತದೆ.

ಕಪ್ಪು ಕಲೆ ಕಾರ್ಬನ್ ಸ್ಟೀಲಿಗೆ (ಸ್ಟೇನ್‌ಲೆಸ್ ಅಲ್ಲದ, ತುಕ್ಕು ಹಿಡಿಯುವ ಉಕ್ಕು) ಹುಳಿ ತಾಗಿದರೆ ಬರುವಂಥದ್ದೇ, ಹಾಗೇ ಬಿಡಿ. ಕೆಂಪಗಿದ್ದರೆ ತುಕ್ಕು, ಎಣ್ಣೆ ಹಚ್ಚಿ ಉಜ್ಜಿ ತೆಗೆಯಿರಿ.